ಸ್ಥಾಯಿ ಆದೇಶ: ನಿಲ್ಲಿಸುವ ಹಕ್ಕು ಯಾರದು?



"ವಿಷಯ ಬ್ಯಾಂಕಿನದೇ ಇರಲಿ, ಆದರೆ ಬ್ಯಾಂಕಿನವರಿಗೆ ಮಾತ್ರ ಅರ್ಥವಾಗುವಂಥದ್ದು ಬೇಡ" ಎಂದು ಈ ದತ್ತಿ ಉಪನ್ಯಾಸಕ್ಕೆ ಕರೆದ ಕಾರ್ಯದರ್ಶಿಗಳು ಮೊದಲೇ ತಾಕೀತು ಮಾಡಿದ್ದರು. ವಿಷಯಕ್ಕಾಗಿ ನಾನು ದೂರ ಹೋಗಬೇಕಾಗಲಿಲ್ಲ, ಏಕೆಂದರೆ ಈ ಉಪನ್ಯಾಸ ನಡೆಯುತ್ತಿರುವುದೇ ಒಂದು ಸ್ಥಾಯಿ ಆದೇಶದಂತೆ. ದಾನಿಗಳು ಒಂದು ಮೊತ್ತ ಕೊಟ್ಟರು. ಅಸಲು ಮುಟ್ಟಬೇಡಿ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ಮಾಡಿಸಿ ಎಂದರು. ಈಗ ಅವರಿಲ್ಲ. ಅವರ ಮಾತು ಮಾತ್ರ ವರ್ಷ ವರ್ಷ ಯಾರನ್ನಾದರೂ ಹಿಡಿದು ತಂದು ಈ ಮೈಕಿನ ಮುಂದೆ ನಿಲ್ಲಿಸುತ್ತದೆ.

ಇದು ನಮ್ಮ ನಾಡಿಗೆ ಹೊಸ ಏರ್ಪಾಡಲ್ಲ. ದೇವಸ್ಥಾನದ ನಂದಾದೀವಿಗೆಗೆ ಹೊನ್ನು ಬಿಟ್ಟ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ ಸಿಗುತ್ತವೆ. ಹೊನ್ನು ಊರ ಮಹಾಜನರ ಕೈಯಲ್ಲೋ ವರ್ತಕರ ಸಂಘದ ಕೈಯಲ್ಲೋ ಇರುತ್ತಿತ್ತು, ಅದರ ಬಡ್ಡಿಯಲ್ಲಿ ದಿನಕ್ಕಿಷ್ಟು ಎಣ್ಣೆ ಸಲ್ಲಬೇಕಿತ್ತು. ಸೂರ್ಯ ಚಂದ್ರರು ಇರುವ ತನಕ ಎಂಬ ಅವಧಿ ಬರೆದು, ಇದಕ್ಕೆ ತಪ್ಪಿದವನು ಎಂಥ ಪಾಪಕ್ಕೆ ಹೋಗುತ್ತಾನೆ ಎಂಬ ಶಾಪವನ್ನೂ ಕೆತ್ತಿಸುತ್ತಿದ್ದರು. ಆ ಶಾಪವನ್ನು ಓದಿ ನಾವು ನಗುವುದುಂಟು. ಬ್ಯಾಂಕಿನವನ ಕಣ್ಣಿಗೆ ಅದು ಕರಾರಿನ ದಂಡದ ಕಲಮಿನಂತೆ ಕಾಣುತ್ತದೆ. ದಾನಿ ಸತ್ತ ಮೇಲೆ ಬಂದು ಲೆಕ್ಕ ಕೇಳಲಾರ, ಆದೇಶ ಹಿಂಪಡೆಯಲಾರ, ತಿದ್ದಲಾರ. ತನ್ನ ಬದಲಿಗೆ ಭಯವನ್ನು ಕಾವಲು ಇಟ್ಟು ಹೋಗುತ್ತಿದ್ದ.

ಇಂಥ ಆದೇಶಕ್ಕೆ ಹುಟ್ಟಿನಿಂದಲೇ ಬರುವ ಒಂದು ಕಾಯಿಲೆಯೂ ಇದೆ. ಮೊತ್ತ ನಿಂತಲ್ಲೇ ನಿಲ್ಲುತ್ತದೆ, ಬೆಲೆ ನಿಲ್ಲುವುದಿಲ್ಲ. ಹತ್ತು ಸಾವಿರದ ದತ್ತಿಗೆ ಬಡ್ಡಿ ಶೇಕಡಾ 10 ಇದ್ದಾಗ ವರ್ಷಕ್ಕೆ ಸಾವಿರ ಬರುತ್ತಿತ್ತು, ಶೇಕಡಾ 6.5ಕ್ಕೆ ಇಳಿದರೆ ಬರುವುದು 650. ಶಾಮಿಯಾನದವನು, ಊಟದವನು, ಕರಪತ್ರ ಅಚ್ಚು ಹಾಕುವವನು ಯಾರೂ ಆ ಲೆಕ್ಕದಲ್ಲಿ ತಮ್ಮ ದರ ಇಳಿಸುವುದಿಲ್ಲ. ನಾಡಿನ ಎಷ್ಟೋ ದತ್ತಿಗಳು ಹೆಸರಿಗೆ ಉಳಿದು ಕೆಲಸದಲ್ಲಿ ಬತ್ತಿವೆ. ಆದೇಶವನ್ನು ಯಾರೂ ಮುರಿಯಲಿಲ್ಲ. ತಿದ್ದುವ ಅಧಿಕಾರ ಯಾರಿಗೂ ಇರಲಿಲ್ಲ, ಅಷ್ಟೇ.

ಈಗ ಬ್ಯಾಂಕಿಗೆ ಬರುತ್ತೇನೆ. ಲೆಡ್ಜರುಗಳ ಕಾಲದಲ್ಲಿ ಪ್ರತಿ ಶಾಖೆಯಲ್ಲೂ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ರಿಜಿಸ್ಟರ್ ಎಂಬ ಪುಸ್ತಕ ಇರುತ್ತಿತ್ತು, ನಮ್ಮ ಬಾಯಲ್ಲಿ ಅದು ಎಸ್‌.ಐ. ರಿಜಿಸ್ಟರ್. ಪ್ರತಿ ತಿಂಗಳು 5ನೇ ತಾರೀಕು ನನ್ನ ಎಸ್‌.ಬಿ. ಖಾತೆಯಿಂದ ನೂರು ರೂಪಾಯಿ ತೆಗೆದು ಮಗಳ ಆರ್‌.ಡಿ.ಗೆ ಹಾಕಿ ಎಂದು ಗ್ರಾಹಕರು ಬರೆದು ಕೊಡುತ್ತಿದ್ದರು. ಆ ತಾರೀಕಿನ ಬೆಳಿಗ್ಗೆ ಗುಮಾಸ್ತ ಪುಸ್ತಕ ಬಿಡಿಸಿ, ವೋಚರು ಬರೆದು, ಅಧಿಕಾರಿಯ ಸಹಿಗೆ ಇಡುತ್ತಿದ್ದ. ಖಾತೆಯಲ್ಲಿ ಹಣ ಸಾಲದಿದ್ದರೆ? ಆ ಗುಮಾಸ್ತನಿಗೆ ಖಾತೆದಾರ ಮೇಷ್ಟ್ರ ಸಂಬಳ ಈ ಸಲ ತಡವಾಗಿದೆ ಎಂದು ಗೊತ್ತಿರುತ್ತಿತ್ತು, ವೋಚರನ್ನು ಎರಡು ದಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದ. ನಿಯಮದ ಪುಸ್ತಕ ಇದನ್ನು ಒಪ್ಪುತ್ತಿರಲಿಲ್ಲ. ಇದೇ ಸಲಿಗೆ ಬೇಡದವರ ಮೇಲೆ ಹಗೆ ತೀರಿಸಲೂ ಬಳಕೆಯಾಗಬಹುದಿತ್ತು, ಆದ್ದರಿಂದ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆದರೆ ಆದೇಶ ಮತ್ತು ಅದರ ಜಾರಿ ಇವೆರಡರ ನಡುವೆ ಒಬ್ಬ ಮನುಷ್ಯ ಕೂತಿದ್ದ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಆ ಕುರ್ಚಿ ಖಾಲಿಯಾಯಿತು. ದಿನ ಶುರುವಾಗುವ ಹೊತ್ತಿಗೆ ಯಂತ್ರ ತಾನೇ ಹಣ ಎತ್ತುತ್ತದೆ, ಸಾಲದಿದ್ದರೆ ತಾನೇ ದಂಡ ಹಾಕುತ್ತದೆ.

ಇದಕ್ಕೆ ತೀರ ಬೇರೆಯದಾದ ಒಂದು ದಾರಿಯನ್ನು ನಮ್ಮ ಕರಾವಳಿಯೇ ಕಂಡುಕೊಂಡಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಟಿ.ಎಂ.ಎ. ಪೈ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಯೋಜನೆ ಅದು. ದಿನಕ್ಕೆ ಎರಡಾಣೆಯಿಂದ ಶುರು. ಪಿಗ್ಮಿಯವರು ಚೀಲ ಹಿಡಿದು ಅಂಗಡಿ ಬಾಗಿಲಿಗೆ ಬರುತ್ತಿದ್ದರು, ಅಂಗಡಿಯವರು ಆ ದಿನದ ವ್ಯಾಪಾರ ನೋಡಿ ಕೊಡುತ್ತಿದ್ದರು, ಇಲ್ಲವೇ "ಇವತ್ತು ಬೋಣಿಯೇ ಆಗಿಲ್ಲ, ನಾಳೆ ಬನ್ನಿ" ಎನ್ನುತ್ತಿದ್ದರು. ಅಲ್ಲಿ ಆದೇಶ ನಿಂತಿರಲಿಲ್ಲ, ದಿನಾ ಹೊಸದಾಗಿ ಹುಟ್ಟುತ್ತಿತ್ತು. ಖರ್ಚಿನ ಬಾಬತ್ತು ಅದು, ದಿಟ. ಆದರೂ ತನಗೆ ಗೊತ್ತಿಲ್ಲದೆ ಹಣ ಹೋಯಿತು ಎಂದು ಪಿಗ್ಮಿ ಕಟ್ಟಿದವರು ಹೇಳುವ ಹಾಗೇ ಇರಲಿಲ್ಲ.

ಇವತ್ತಿನ ಸ್ಥಾಯಿ ಆದೇಶದಲ್ಲಿ ಎರಡು ಜಾತಿ. ಈ ಭೇದ ತಿಳಿಯದೆ ಓದು ಬಲ್ಲವರೂ ಪೇಚಿಗೆ ಸಿಲುಕುತ್ತಾರೆ. ಒಂದರಲ್ಲಿ ನಾನು ನನ್ನ ಬ್ಯಾಂಕಿಗೆ ಹೇಳುತ್ತೇನೆ, ಇಂಥ ದಿನ, ಇಷ್ಟು ಹಣ, ಇಂಥವರಿಗೆ ಕಳಿಸು. ಕಳಿಸುವವನು ನಾನು, ಮೊತ್ತ ನನ್ನದು, ಬೇಡವೆಂದರೆ ನನ್ನ ಶಾಖೆಗೆ ಒಂದು ಅರ್ಜಿ ಸಾಕು. ಇನ್ನೊಂದು ಮ್ಯಾಂಡೇಟ್. ಸಾಲ ಕೊಟ್ಟ ಸಂಸ್ಥೆಗೋ ವಿಮಾ ಕಂಪನಿಗೋ ನಾನು ಸಹಿ ಮಾಡಿ ಕೊಡುತ್ತೇನೆ, ನನ್ನ ಖಾತೆಯಿಂದ ನೀವೇ ಎಳೆದುಕೊಳ್ಳಿ ಎಂದು. ಅದರಲ್ಲಿ ಬರೆಯುವುದು ಹೆಚ್ಚೆಂದರೆ ಎಷ್ಟು ಎಳೆಯಬಹುದು ಎಂಬ ಮಿತಿಯನ್ನು. ಕಂತು ಮೂರು ಸಾವಿರದ್ದಾದರೂ ಮಿತಿಯ ಖಾನೆಯಲ್ಲಿ ಹತ್ತು ಸಾವಿರ ಬರೆಸಿಕೊಂಡ ಫಾರಂಗಳನ್ನು ನಾನು ನೋಡಿದ್ದೇನೆ. ಅವಧಿಯ ಜಾಗದಲ್ಲಿ "ರದ್ದು ಮಾಡುವವರೆಗೆ" ಎಂದು ಟಿಕ್ ಹಾಕುವ ಚೌಕವೂ ಇರುತ್ತಿತ್ತು. ಶಾಸನದ ಸೂರ್ಯಚಂದ್ರರು ಆ ಪುಟ್ಟ ಚೌಕದೊಳಗೆ ಬಂದು ಕೂತಿದ್ದರು.

ಖಾತೆಯಲ್ಲಿ ಹಣವಿಲ್ಲದೆ ಇಂಥ ಮ್ಯಾಂಡೇಟ್ ವಾಪಸಾದರೆ ಬ್ಯಾಂಕಿನ ದಂಡ ತೆತ್ತು ಕೈ ತೊಳೆದುಕೊಳ್ಳಬಹುದು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಚೆಕ್ ಬೌನ್ಸಿಗೆ 138ನೇ ಕಲಮು ಎಂಬುದು ಅಂಗಡಿ ಅಂಗಡಿಗೂ ಗೊತ್ತು. ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ, 2007ರ 25ನೇ ಕಲಮು ಅದರ ತಮ್ಮ. ಅಲ್ಲಿಯೂ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೇ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಎಳೆಯುವವರಿಗೆ ಈ ಕಾಯ್ದೆಯ ಬೆಂಬಲವಿದೆ. ಎಳೆಸಿಕೊಳ್ಳುವವರಿಗೆ ಏನಿತ್ತು?

ಅದಕ್ಕೆ ಉತ್ತರ ತಡವಾಗಿ, ಅದೂ ಒಂದು ಮೂಲೆಗೆ ಮಾತ್ರ ಬಂತು. ಕಾರ್ಡಿನ ಮೂಲಕ ಪದೇ ಪದೇ ಕಡಿತವಾಗುವ ಹಣದ ಬಗ್ಗೆ ರಿಸರ್ವ್ ಬ್ಯಾಂಕು 2019ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಮೊದಲ ಸಲ ಗ್ರಾಹಕನ ಹೆಚ್ಚುವರಿ ದೃಢೀಕರಣ ಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು, ಬೇಡವೆನ್ನುವ ದಾರಿ ಆ ಸಂದೇಶದಲ್ಲೇ ಇರಬೇಕು, ಇದಕ್ಕೆಂದು ಗ್ರಾಹಕನಿಂದ ಶುಲ್ಕ ಕೀಳಬಾರದು. ಬ್ಯಾಂಕುಗಳು ಕಾಲಾವಕಾಶ ಕೇಳಿದವು, ಕೊನೆಗೆ 2021ರ ಅಕ್ಟೋಬರ್ 1ರಿಂದ ನಿಜವಾಗಿ ಜಾರಿಯಾಯಿತು. ಆ ತಿಂಗಳು ಎಷ್ಟೋ ಜನರ ಸಿನಿಮಾ ಚಂದಾ, ಪತ್ರಿಕೆ ಚಂದಾ ನಿಂತುಹೋಗಿ ಗೊಣಗಾಟವೋ ಗೊಣಗಾಟ. ನನಗಂತೂ ಆ ಗೊಣಗಾಟ ಹಿತವಾಗಿತ್ತು. ತಾವು ಯಾವುದಕ್ಕೆಲ್ಲ ಹಣ ಕೊಡುತ್ತಿದ್ದೇವೆ ಎಂದು ಬಹಳ ಮಂದಿಗೆ ಅಂದೇ ತಿಳಿದದ್ದು. ಪ್ರತಿ ಸಲ ಒ.ಟಿ.ಪಿ. ಇಲ್ಲದೆ ಕಡಿತವಾಗಬಹುದಾದ ಮಿತಿ ಮೊದಲು 2,000 ಎಂದಿತ್ತು, ಆಮೇಲೆ 5,000 ಆಯಿತು, 2022ರ ಜೂನಿನಲ್ಲಿ 15,000ಕ್ಕೆ ಏರಿತು. ಮ್ಯೂಚುವಲ್ ಫಂಡ್, ವಿಮಾ ಕಂತು, ಕ್ರೆಡಿಟ್ ಕಾರ್ಡ್ ಬಿಲ್ಲು ಈ ಮೂರಕ್ಕೆ 2023ರ ಡಿಸೆಂಬರಿನಲ್ಲಿ ಒಂದು ಲಕ್ಷ. ಮಿತಿ ಏರುತ್ತ ಹೋದಂತೆ ಮುನ್ಸೂಚನೆಯ ಆ ಒಂದು ಸಾಲಿನ ಸಂದೇಶವೇ ನಮಗೆ ಉಳಿಯುವ ಹಿಡಿತ. ಅದು ಬಹುಪಾಲು ಇಂಗ್ಲಿಷಿನಲ್ಲಿ ಬರುತ್ತದೆ ಎಂಬುದನ್ನು ಹೇಳಲೇಬೇಕು.

ಇನ್ನು ಸರ್ಕಾರದ ಯೋಜನೆಗಳು. ನಿಮ್ಮಲ್ಲಿ ಹಲವರ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಗೆ 436 ರೂಪಾಯಿ, 20 ರೂಪಾಯಿ ಎಂಬ ಎರಡು ಕಡಿತಗಳು ಇದ್ದಾವು. ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳು 2015ರಲ್ಲಿ ಶುರುವಾದಾಗ ಅವು 330 ಮತ್ತು 12 ಇದ್ದವು, 2022ರ ಜೂನ್ 1ರಿಂದ ಈಗಿನ ದರ. ಜೂನ್ 1ರಿಂದ ಮುಂದಿನ ಮೇ 31ರವರೆಗೆ ರಕ್ಷಣೆ. ಅಷ್ಟು ಹಣಕ್ಕೆ ಎರಡು ಲಕ್ಷದ ವಿಮೆ ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ನನಗೆ ಕಾಡುವುದು ಬೇರೆ. ಹಣ ಸದ್ದಿಲ್ಲದೆ ಹೋಗುವುದರಿಂದ ಗಂಡನಿಗೆ ವಿಮೆ ಇತ್ತು ಎಂಬುದೇ ಹೆಂಡತಿಗೆ ಗೊತ್ತಿರುವುದಿಲ್ಲ. ಎಲ್.ಐ.ಸಿ. ಏಜೆಂಟರು ಕಂತಿಗೆಂದು ಮನೆಗೆ ಬಂದು ಹೋಗುತ್ತಿದ್ದ ಕಾಲದಲ್ಲಿ ಪಾಲಿಸಿ ಇದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. ಕಂತಿನ ಹಣ ಮರೆತರೂ ಹೋಗುತ್ತದೆ. ಪರಿಹಾರದ ಹಣ ಮಾತ್ರ ಯಾರಾದರೂ ನೆನಪಿಟ್ಟುಕೊಂಡು ಕೇಳಿದರೇ ಬರುವುದು.

ಇಷ್ಟು ಹೊತ್ತು ಹೇಳಿದ್ದರಲ್ಲಿ ನನ್ನ ವಾದ ನಿಮಗೆ ಆಗಲೇ ಸಿಕ್ಕಿರಬಹುದು. ಸ್ಥಾಯಿ ಆದೇಶವನ್ನು ಅಳೆಯಬೇಕಾದರೆ ಅದು ಎಷ್ಟು ಚುರುಕಾಗಿ ನಡೆಯುತ್ತದೆ ಎಂದು ನೋಡಿ ಪ್ರಯೋಜನವಿಲ್ಲ. ಅದು ಯಾರ ಮೈಗೆ ತಾಗುತ್ತದೋ ಅವರು ಅದನ್ನು ಓದಬಲ್ಲರೇ, ಬೇಡವಾದಾಗ ತಡೆಯಬಲ್ಲರೇ ಎಂದು ನೋಡಬೇಕು. ಇದೇ ಅಳತೆಯನ್ನು ಸಾರ್ವಜನಿಕ ಬದುಕಿಗೂ ಹಚ್ಚೋಣ.

ಬ್ರಿಟಿಷ್ ಕಾಮನ್ಸ್ ಸಭೆಯಲ್ಲಿ ಅಧಿವೇಶನ ಮುಗಿದೊಡನೆ ಬಿದ್ದುಹೋಗುವ ಆದೇಶಗಳೂ ಇದ್ದವು, ಮುಂದೆಯೂ ಉಳಿಯುವ ಸ್ಥಾಯಿ ಆದೇಶಗಳೂ ಇದ್ದವು. ಸಾರ್ವಜನಿಕ ಹಣ ಬೇಡುವ ಯಾವ ಅಹವಾಲನ್ನೂ ರಾಜಪೀಠದ ಶಿಫಾರಸಿಲ್ಲದೆ ಎತ್ತಿಕೊಳ್ಳುವುದಿಲ್ಲ ಎಂದು ಸಭೆ 1706ರಲ್ಲಿ ನಿರ್ಣಯ ಮಾಡಿ, 1713ರಲ್ಲಿ ಅದನ್ನು ಸ್ಥಾಯಿಯಾಗಿಸಿತು. ಆ ಕಟ್ಟುಪಾಡು ನಮ್ಮ ಸಂವಿಧಾನದ 117 ಮತ್ತು 207ನೇ ವಿಧಿಗಳಲ್ಲಿ ಇವತ್ತಿಗೂ ಬದುಕಿದೆ. ರಾಜ್ಯದ ಸಂಚಿತ ನಿಧಿಯಿಂದ ಖರ್ಚು ಬೇಡುವ ಮಸೂದೆಯನ್ನು ರಾಜ್ಯಪಾಲರ ಶಿಫಾರಸಿಲ್ಲದೆ ನಮ್ಮ ವಿಧಾನಸಭೆ ಅಂಗೀಕರಿಸುವಂತಿಲ್ಲ. ಮೂರು ಶತಮಾನ ಹಳೆಯ ಆದೇಶ. ಆದರೂ ತಕರಾರಿಲ್ಲ, ಯಾಕೆಂದರೆ ಅದು ಎಲ್ಲರ ಕಣ್ಣಿಗೆ ಬೀಳುವಲ್ಲಿದೆ, ಅದನ್ನು ಬದಲಿಸುವ ದಾರಿಯೂ ಅಲ್ಲೇ ಬರೆದಿದೆ.

ನಮ್ಮ ಜಿಲ್ಲೆಗೆ ಹತ್ತಿರದ ಕಥೆ ಕುಮ್ಕಿಯದು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ಮದ್ರಾಸಿನ ರೆವಿನ್ಯೂ ಬೋರ್ಡು ಕಂದಾಯದ ಸಕಲ ವಿಷಯಗಳಿಗೂ ಬೋರ್ಡ್ಸ್ ಸ್ಟ್ಯಾಂಡಿಂಗ್ ಆರ್ಡರ್ಸ್ ಎಂಬ ಆದೇಶಮಾಲೆ ಇಟ್ಟುಕೊಂಡಿತ್ತು. ಕಚೇರಿಗಳಲ್ಲಿ ಬಿ.ಎಸ್.ಒ. ಎಂದರೆ ವೇದ. ಹಳೆಯ ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಹಿಡುವಳಿಯ, ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ವರ್ಗದಾರ ಸೊಪ್ಪು ಸೌದೆ ತರಬಹುದು, ದನ ಮೇಯಿಸಬಹುದು ಎಂಬ ಕುಮ್ಕಿ ಸವಲತ್ತು ಆ ವ್ಯವಸ್ಥೆಯೊಳಗೆ ನೆಲೆನಿಂತಿತು. ಅಡಿಕೆ ತೋಟದ ಬುಡಕ್ಕೆ ಸೊಪ್ಪು ಬೇಕೇ ಬೇಕು, ಹಾಗಾಗಿ ಅದು ಕೃಷಿಯ ಜೀವನಾಡಿ. ರಾಜ್ಯ ಒಂದಾದ ಮೇಲೆ 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಈ ಸವಲತ್ತನ್ನು ಹಾಗೆಯೇ ಉಳಿಸಿತು. ಜೊತೆಗೆ ಉತ್ತರ ಕನ್ನಡದ ಬೆಟ್ಟ, ಕೊಡಗಿನ ಬಾಣೆ, ಹಳೆ ಮೈಸೂರಿನ ಕಾನು ಮತ್ತು ಸೊಪ್ಪಿನಬೆಟ್ಟಗಳಿಗೂ ರಕ್ಷಣೆ ಸಿಕ್ಕಿತು.

ಸವಲತ್ತು ಎಂದರೆ ಒಡೆತನವಲ್ಲ, ಜಾಗ ಸರ್ಕಾರದ್ದೇ. ಆದರೆ ತಲೆಮಾರುಗಳು ಒಂದೇ ಕಟ್ಟಪ್ಪಣೆಯ ನೆರಳಲ್ಲಿ ಬದುಕಿದರೆ ನೆರಳೂ ತಮ್ಮದೇ ಎನಿಸುತ್ತದೆ. ಕುಮ್ಕಿಯನ್ನು ಹಕ್ಕಾಗಿ ಕೊಡಿ ಎಂಬ ಬೇಡಿಕೆ ಚುನಾವಣೆ ಬಂದಾಗಲೆಲ್ಲ ಏಳುತ್ತದೆ. ಅದೇ ಜಾಗದಲ್ಲಿ ಐದು ಸೆಂಟ್ಸ್ ಮನೆ ನಿವೇಶನ ಕೇಳುವ ಭೂಹೀನರೂ ಇದ್ದಾರೆ. ವರ್ಗದಾರನಿಗೆ ಬಿ.ಎಸ್.ಒ. ಬಾಯಿಪಾಠ, ಇಲ್ಲವೆಂದರೆ ಅವನ ವಕೀಲನಿಗೆ. ಪಕ್ಕದ ಗುಡಿಸಲಿನವನಿಗೆ ಅಂಥದ್ದೊಂದು ಪುಸ್ತಕ ಇದೆ ಎಂಬುದೇ ಗೊತ್ತಿರಲಿಲ್ಲ. ಇಲ್ಲಿ ಆದೇಶ ನ್ಯಾಯವೋ ಅನ್ಯಾಯವೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಓದಬಲ್ಲವನ ಪಾಲಿಗೆ ಅದು ಆಸ್ತಿಯ ಹತ್ತಿರ ಹತ್ತಿರ ಬಂತು, ಓದಲಾರದವನ ಪಾಲಿಗೆ ಬೇಲಿಯಾಯಿತು.

ಆದೇಶ ಹೊರಡಿಸಿದವರೇ ಅದನ್ನು ಕಾಯ್ದೆಯೊಂದಿಗೆ ಸರಿಯಾಗಿ ಓದಿಕೊಳ್ಳದ ಪ್ರಸಂಗವೂ ಉಂಟು. ಮಾದಕ ವಸ್ತು ವಶವಾದಾಗ ಮಾದರಿ ಹೇಗೆ ತೆಗೆಯಬೇಕು ಎಂದು ಕೇಂದ್ರ ಸರ್ಕಾರ 1989ರಲ್ಲಿ ಹೊರಡಿಸಿದ 1/89 ಎಂಬ ಸ್ಥಾಯಿ ಆದೇಶ ದೇಶದ ಪೊಲೀಸರಿಗೆಲ್ಲ ಪರಿಚಿತ. ಸಾಮಾನ್ಯವಾಗಿ 5 ಗ್ರಾಂ, ಅಫೀಮು, ಗಾಂಜಾ, ಚರಸ್ ಆದರೆ 24 ಗ್ರಾಂ, ಎರಡು ಪ್ರತಿ, ಸ್ಥಳದಲ್ಲೇ ಸಾಕ್ಷಿಗಳ ಮುಂದೆ. ಪಂಚನಾಮೆಗಳು ಅದೇ ಅಚ್ಚಿನಲ್ಲಿ ಬರೆಯಲ್ಪಟ್ಟವು. ಆದರೆ ಅದೇ ವರ್ಷ ಮಾದಕ ವಸ್ತು ಕಾಯ್ದೆಗೆ ಸೇರಿದ 52-ಎ ಕಲಮು ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕು ಎನ್ನುತ್ತಿತ್ತು. ಕಾಯ್ದೆ ಒಂದು ಕಡೆ, ಆದೇಶ ಇನ್ನೊಂದು ಕಡೆ. ಇವೆರಡು ಹೊಂದುವುದಿಲ್ಲ, ಕಾಯ್ದೆಯೇ ಮೇಲು ಎಂದು ಸುಪ್ರೀಂ ಕೋರ್ಟು ಮೋಹನ್‌ಲಾಲ್ ಪ್ರಕರಣದಲ್ಲಿ ಹೇಳಿದ್ದು 2016ರಲ್ಲಿ. ಹೊಸ ನಿಯಮಗಳು ಬಂದದ್ದು 2022ರ ಡಿಸೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಠಾಣೆಯವರು ಎಂದಿನ ಆದೇಶದಂತೆಯೇ ನಡೆದರು, ಆರೋಪಿಗಳ ವಕೀಲರು ಕಾಯ್ದೆ ತೋರಿಸಿದರು, ಜಾಮೀನು, ಖುಲಾಸೆ. ತಪ್ಪು ಮಾಡಿದವನನ್ನು ಹುಡುಕಿದರೆ ಒಬ್ಬನೂ ಸಿಗುವುದಿಲ್ಲ. ಎಲ್ಲರೂ ಆದೇಶ ಪಾಲಿಸಿದವರೇ.

ಇಂಥ ಆದೇಶಗಳನ್ನು ಜನ ಓದುವಂತಾಗಲಿ ಎಂದು ಕಾನೂನೂ ಇದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಪ್ರತಿ ಕಚೇರಿಯೂ ತಾನು ಬಳಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು ಎನ್ನುತ್ತದೆ, ಸ್ಥಳೀಯ ಭಾಷೆಯನ್ನು ಗಮನಿಸಬೇಕು ಎಂದೂ ಹೇಳುತ್ತದೆ. 2005ರ ಕಾಯ್ದೆ ಅದು. ನಿಮ್ಮ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಏನಿದೆ ಎಂದು ನೋಡಿ ಬನ್ನಿ. ಕ್ಯಾಲೆಂಡರ್ ಖಂಡಿತ ಇರುತ್ತದೆ.

ಸ್ಥಾಯಿ ಆದೇಶ ಎಂದರೆ ಬಡವನಿಗೆ ಬಿಗಿ ಎಂದು ಇಷ್ಟರಲ್ಲಿ ನಿಮಗೆ ಅನಿಸಿದ್ದರೆ, ಅದಕ್ಕೆ ಎದುರು ಸಾಕ್ಷಿಯಾಗಿ ಕಾರ್ಖಾನೆಯನ್ನು ಕರೆಯುತ್ತೇನೆ. ಔದ್ಯೋಗಿಕ ನೌಕರಿ (ಸ್ಥಾಯಿ ಆದೇಶಗಳ) ಕಾಯ್ದೆ ಬಂದದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ಅದಕ್ಕೆ ಮುಂಚೆ ಕೆಲಸದ ಷರತ್ತುಗಳು ಬಹುಪಾಲು ಮೇಸ್ತ್ರಿಯ ಬಾಯಲ್ಲಿದ್ದವು. ಯಾರು ಖಾಯಂ, ಯಾರು ಬದಲಿ, ಎಷ್ಟು ಹೊತ್ತು ತಡವಾದರೆ ಗೇಟು ಮುಚ್ಚುತ್ತದೆ, ರಜೆ ಯಾರನ್ನು ಕೇಳಬೇಕು, ಯಾವ ತಪ್ಪಿಗೆ ಕೆಲಸ ಹೋಗುತ್ತದೆ, ಎಲ್ಲವೂ ಆ ದಿನದ ಮರ್ಜಿ. ಕಾಯ್ದೆ ಮಾಲೀಕರಿಗೆ ಹೇಳಿತು: ಇವನ್ನೆಲ್ಲ ನಿಖರವಾಗಿ ಬರೆಯಿರಿ, ಪ್ರಮಾಣೀಕರಿಸುವ ಅಧಿಕಾರಿಗೆ ಕೊಡಿ, ಕಾರ್ಮಿಕರ ಆಕ್ಷೇಪಣೆ ಕೇಳಿಸಿ. ಆರಂಭದಲ್ಲಿ ಆ ಅಧಿಕಾರಿಗೆ ಷರತ್ತು ನ್ಯಾಯವೇ ಅಲ್ಲವೇ ಎಂದು ಕೇಳುವ ಅಧಿಕಾರವೇ ಇರಲಿಲ್ಲ. 1956ರ ತಿದ್ದುಪಡಿ ಅದನ್ನು ಕೊಟ್ಟಿತು. 1982ರಲ್ಲಿ ಸೇರಿದ 10-ಎ ಕಲಮಿನ ಪ್ರಕಾರ ವಿಚಾರಣೆಗಾಗಿ ಅಮಾನತ್ತಿನಲ್ಲಿರುವ ಕಾರ್ಮಿಕನಿಗೆ ಮೊದಲ 90 ದಿನ ಅರ್ಧ ವೇತನ, ವಿಳಂಬ ಅವನಿಂದಾದದ್ದಲ್ಲದಿದ್ದರೆ ಆಮೇಲೆ ಮುಕ್ಕಾಲು ಭಾಗ ಜೀವನಾಧಾರ ಭತ್ಯೆ ಸಿಗಬೇಕಿತ್ತು.

ನನಗೆ ಅತ್ಯಂತ ಇಷ್ಟವಾದದ್ದು 9ನೇ ಕಲಮು. ಆದೇಶಗಳನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬರೆಸಿ, ಅವರು ಒಳಬರುವ ಬಾಗಿಲ ಬಳಿ ಫಲಕದ ಮೇಲೆ ಹಾಕಬೇಕಿತ್ತು. ಫೈಲಿನಲ್ಲಲ್ಲ, ಎಚ್‌.ಆರ್‌. ಕೋಣೆಯಲ್ಲಲ್ಲ, ಬಾಗಿಲಲ್ಲಿ. ನಾನು ಹೇಳುತ್ತಿರುವ ಅಳತೆಯನ್ನು 1946ರಲ್ಲೇ ಒಬ್ಬ ಕರಡುಗಾರ ಕಾಯ್ದೆಯೊಳಗೆ ಬರೆದಿಟ್ಟಿದ್ದಾನೆ.

ಆ ಕಾಯ್ದೆ ಹಿಡಿದದ್ದು ನೂರು ಅಥವಾ ಹೆಚ್ಚು ಕೆಲಸಗಾರರ ಸಂಸ್ಥೆಗಳನ್ನು, ಸರ್ಕಾರ ಬಯಸಿದರೆ ಅದಕ್ಕಿಂತ ಚಿಕ್ಕವನ್ನೂ. ಬೆಂಗಳೂರಿನ ಐ.ಟಿ. ಕಂಪನಿಗಳಿಗೆ ಮಾತ್ರ ನಮ್ಮ ರಾಜ್ಯ ವಿನಾಯಿತಿ ಕೊಡುತ್ತ ಬಂತು, 2014ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ. ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮದ ಮಾಹಿತಿ ಇಲಾಖೆಗೆ ಹೋಗಬೇಕು ಎಂಬ ಷರತ್ತುಗಳೊಂದಿಗೆ. ಜ್ಞಾನಾಧಾರಿತ ಉದ್ಯಮಕ್ಕೆ ಸಡಿಲಿಕೆ ಬೇಕು ಎಂಬುದು ಸಮರ್ಥನೆ, ನೌಕರರ ಸಂಘಟನೆ ವಿರೋಧಿಸಿತು. ಓದು ಕಲಿತವರಿಗೆ ಬರೆದ ನಿಯಮ ಬೇಡ ಎಂಬ ತರ್ಕ ನನಗೆ ಇದುವರೆಗೆ ಅರ್ಥವಾಗಿಲ್ಲ. ರಾತ್ರೋರಾತ್ರಿ ಲಾಗಿನ್ ಮುಚ್ಚಿಸಿಕೊಂಡವರ ಸ್ಥಿತಿಗೂ ಮೇಸ್ತ್ರಿ ಗೇಟು ಮುಚ್ಚಿದವನ ಸ್ಥಿತಿಗೂ ದೊಡ್ಡ ಅಂತರ ಕಾಣುವುದಿಲ್ಲ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸಂಬಂಧಗಳ ಸಂಹಿತೆ, 2020 ಬಂದಿದೆ. ಸ್ಥಾಯಿ ಆದೇಶದ ಅಧ್ಯಾಯ ಈಗ ಕಡ್ಡಾಯವಾಗುವುದು ಮುನ್ನೂರು ಕಾರ್ಮಿಕರಿದ್ದಲ್ಲಿ. ಆದೇಶವನ್ನು ಯಾವ ಭಾಷೆಯಲ್ಲಿ, ಯಾವ ಬಗೆಯಲ್ಲಿ ಕಾರ್ಮಿಕರಿಗೆ ತಿಳಿಸಬೇಕು ಎಂಬುದನ್ನು ಸಂಹಿತೆ ಸರ್ಕಾರಗಳ ನಿಯಮಕ್ಕೆ ಬಿಟ್ಟಿದೆ. ಕನ್ನಡದ ವೇದಿಕೆಯಲ್ಲಿ ನಿಂತವನು ಇಲ್ಲಿ "ಕನ್ನಡದಲ್ಲೇ ಇರಲಿ" ಎಂದು ಹೇಳಿ ಚಪ್ಪಾಳೆ ಪಡೆಯಬಹುದು. ಕನ್ನಡದಲ್ಲಿ ಇರಲೇಬೇಕು. ಆದರೆ 1946ರ ಕಾಯ್ದೆ ರಾಜ್ಯದ ಭಾಷೆ ಎನ್ನಲಿಲ್ಲ, ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆ ಎಂದಿತು. ಇವತ್ತು ಬೆಂಗಳೂರು, ಮಂಗಳೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದ ಹುಡುಗರು ಕೆಲಸ ಮಾಡುತ್ತಿದ್ದಾರೆ. ಮುಂಬೈಯ ಹೋಟೆಲುಗಳಿಗೆ ನಮ್ಮ ಹುಡುಗರು ಹೋದ ಹಾಗೆಯೇ ಬಂದವರು. ಆ ಗೇಟಿನ ಫಲಕದಲ್ಲಿ ಕನ್ನಡದ ಕೆಳಗೆ ಒಡಿಯಾವೋ ಹಿಂದಿಯೋ ಇರಬೇಕು ಎಂದು ನಿಯಮಗಳಿಗೆ ಆಕ್ಷೇಪಣೆ ಸಲ್ಲಿಸುವ ಅವಕಾಶ ಬಂದಾಗ ನಾನು ಬರೆದು ಕಳಿಸುತ್ತೇನೆ. ಮುನ್ನೂರಕ್ಕಿಂತ ಕಡಿಮೆ ಜನರಿರುವ ಶೆಡ್ಡುಗಳಿಗೂ ಒಂದು ಪುಟದ ಬರೆದ ಷರತ್ತು ಕಡ್ಡಾಯವಾಗಲಿ ಎಂದೂ ಸೇರಿಸುತ್ತೇನೆ. ಇಲ್ಲಿರುವ ವಕೀಲ ಮಿತ್ರರು ಆ ಕರಡನ್ನು ತಿದ್ದಿಕೊಡುತ್ತೇವೆಂದು ಒಪ್ಪಿದ್ದಾರೆ, ಸಹಿ ಹಾಕುವ ಮನಸ್ಸಿರುವವರು ಸಭೆ ಮುಗಿದ ಮೇಲೆ ಅವರನ್ನು ಕಾಣಬಹುದು.